ಉಸಿರು ಸಿದ್ಧವಾಗಿದೆ, ಮೂಳೆಗೆ ಇನ್ನಷ್ಟು ಸಮಯ ಬೇಕು

ಪ್ರಶ್ನೆ: ನನಗೆ 44 ವರ್ಷ. ದಿನವಿಡೀ ಕುಳಿತು ಮಾಡುವ ಕೆಲಸ. ಶಾಲೆ ಬಿಟ್ಟ ಮೇಲೆ ಓಡಿದವಳೇ ಅಲ್ಲ. ಮೊಬೈಲ್ ಆ್ಯಪ್‌ನಲ್ಲಿರುವ ಒಂಬತ್ತು ವಾರಗಳ ‘ಕೌಚ್ ಟು ಫೈವ್ ಕೆ’, ಅಂದರೆ ಓಡಿ ಗೊತ್ತಿಲ್ಲದವರನ್ನು ಐದು ಕಿಲೋಮೀಟರ್ ಓಟಕ್ಕೆ ಅಣಿಗೊಳಿಸುವ ಕಾರ್ಯಕ್ರಮ ಹಿಡಿದು ಈಗಷ್ಟೇ ಏಳನೆಯ ವಾರ ಮುಗಿಸಿದ್ದೇನೆ. 25 ನಿಮಿಷ ನಿಲ್ಲದೆ ಓಡುತ್ತೇನೆ, ಆದರೆ ಅಷ್ಟರಲ್ಲಿ ಆಗುವುದು 3.2 ಕಿಲೋಮೀಟರ್ ಮಾತ್ರ. ಇನ್ನೆರಡು ವಾರಗಳಲ್ಲಿ ಐದು ಕಿಲೋಮೀಟರ್ ಹೇಗೆ ಆದೀತು? ಇದರ ಜೊತೆಗೆ, ಹತ್ತು ದಿನಗಳಿಂದ ಬಲಗಾಲಿನಲ್ಲಿ ಮಂಡಿಯ ಕೆಳಗಿನ ಮೂಳೆಯ ಒಳಬದಿ ನೋಯುತ್ತಿದೆ. ಓಟದ ಆರಂಭದಲ್ಲಿ ನೋವಿರುತ್ತದೆ, ನಡುವೆ ಮಾಯವಾಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಹಾಜರು. ಈಗ ನಿಲ್ಲಿಸಿದರೆ ಇಷ್ಟು ದಿನದ ಶ್ರಮವೆಲ್ಲ ನೀರುಪಾಲಾಗುತ್ತದೆ ಎಂಬ ಭಯ. ಈ ವಯಸ್ಸಿನಲ್ಲಿ ಓಡಿದರೆ ಮಂಡಿ ಸವೆಯುತ್ತದೆ ಎನ್ನುತ್ತಾಳೆ ಅಕ್ಕ. ತೂಕ ಒಂದು ಕಿಲೋ ಕೂಡ ಇಳಿದಿಲ್ಲ. ಎಲ್ಲ ಮುಗಿದ ಮೇಲೆ ಏನು ಮಾಡಬೇಕು ಎಂಬುದೂ ಗೊತ್ತಿಲ್ಲ. ಹಟ ಹಿಡಿದು ಮುಗಿಸಲೇ, ಹಿಂದಿನ ವಾರಕ್ಕೆ ಹೋಗಲೇ, ಬಿಟ್ಟೇಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರಿದ್ದರೂ ಆತಂಕ ಒಂದೇ: ದಡ ಕಾಣುತ್ತಿರುವಾಗ ಕಾಲು ಅರ್ಧದಲ್ಲೇ ನಿಂತುಬಿಟ್ಟರೆ? ಕ್ರೀಡಾ ಫಿಸಿಯೋಥೆರಪಿಸ್ಟ್ ಆಗಿ ಹೊಸ ಓಟಗಾರರನ್ನು ನೋಡುತ್ತಾ ಬಂದಿರುವ ನನಗೆ ಇದು ಚಿರಪರಿಚಿತ. ಮೊದಲ ವಾರದಲ್ಲಿ ನೋವೆಂದು ಬರುವವರು ಕಡಿಮೆ. ಆರನೆಯ ವಾರ ದಾಟಿದವರು, ಅದರಲ್ಲೂ ಒಂದು ದಿನವನ್ನೂ ತಪ್ಪಿಸದೆ ಶ್ರದ್ಧೆಯಿಂದ ಓಡಿದವರು, ಹೆಚ್ಚಾಗಿ ಬರುತ್ತಾರೆ. ಅವರು ಸೋಮಾರಿಗಳೂ ಅಲ್ಲ, ದುರ್ಬಲರೂ ಅಲ್ಲ. ಅವರ ಉಸಿರು ಮೂಳೆಗಿಂತ ಮುಂದೆ ಓಡಿರುತ್ತದೆ, ಅಷ್ಟೇ.

ಆದ್ದರಿಂದ ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಬಿಡಬೇಡಿ, ಹಟಕ್ಕೂ ಬೀಳಬೇಡಿ. ನಿಮ್ಮ ಒಂಬತ್ತು ವಾರಗಳ ಕಾರ್ಯಕ್ರಮ ಹನ್ನೆರಡು ವಾರಗಳಲ್ಲಿ ಮುಗಿಯಲಿ. ಆದರೆ ಅದಕ್ಕೂ ಮುಂಚೆ ಕಾಲನ್ನು ಒಮ್ಮೆ ಸರಿಯಾಗಿ ಪರೀಕ್ಷಿಸಬೇಕು.

ಇವತ್ತು ಸಂಜೆ ಕುರ್ಚಿಯ ಮೇಲೆ ಕುಳಿತು ಬಲಗಾಲನ್ನು ಎಡತೊಡೆಯ ಮೇಲಿಟ್ಟುಕೊಳ್ಳಿ. ಪಾದದ ಕೀಲಿನ ಒಳಬದಿಯಲ್ಲಿ ಉಬ್ಬಿರುವ ಮೂಳೆಯ ಮೇಲ್ಭಾಗದಿಂದ ಶುರುಮಾಡಿ, ಟಿಬಿಯಾ ಎಂಬ ದೊಡ್ಡ ಮೂಳೆಯ ಒಳಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಮಂಡಿಯತ್ತ ಬನ್ನಿ. ಅವಸರ ಬೇಡ, ಒಂದೊಂದು ಬೆರಳಗಲಕ್ಕೆ ನಿಂತು ಒತ್ತಿ. ನೋವು ಐದು ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಉದ್ದಕ್ಕೆ ಹರಡಿದ್ದರೆ, ಅದು ಬಹುತೇಕ ಓಟಗಾರರ ಬಾಯಲ್ಲಿ ‘ಶಿನ್ ಸ್ಪ್ಲಿಂಟ್ಸ್’ ಎನಿಸಿಕೊಂಡ ತೊಂದರೆ, ಅಂದರೆ ಹೊಸ ಭಾರಕ್ಕೆ ಮೂಳೆಯಂಚು ಕೆರಳಿ ಬರುವ ನೋವು. ನೋವು ಒಂದೇ ಕಡೆ, ನಾಣ್ಯದಷ್ಟು ಜಾಗದಲ್ಲಿ ಚುಚ್ಚಿದಂತಿದ್ದರೆ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಮೂಳೆಯಲ್ಲಿ ಮೂಡುವ ಸೂಕ್ಷ್ಮ ಬಿರುಕು, ಇರಬಹುದೆಂದು ಅನುಮಾನಿಸಬೇಕು. ಎಲ್ಲಿ ನೋವು ಎಂದು ಕೇಳಿದಾಗ ಮೊದಲನೆಯ ಬಗೆಯವರು ಅಂಗೈಯಿಂದ ಕಾಲನ್ನು ಸವರಿ ತೋರಿಸುತ್ತಾರೆ, ಎರಡನೆಯವರು ಒಂದೇ ಬೆರಳಿಟ್ಟು ‘ಇಲ್ಲಿ’ ಎನ್ನುತ್ತಾರೆ. ಆ ಒಂದು ಬೆರಳು ಕಂಡಾಗಲೆಲ್ಲ ನಾನು ಓಟವನ್ನು ಅಂದೇ ನಿಲ್ಲಿಸಿ ವೈದ್ಯರ ಬಳಿಗೆ ಕಳುಹಿಸುತ್ತೇನೆ.

ನೀವು ಬರೆದಿರುವ ಲಕ್ಷಣ, ಅಂದರೆ ಆರಂಭದಲ್ಲಿ ನೋವು, ಮೈ ಬಿಸಿಯಾದ ಮೇಲೆ ಶಮನ, ಮರುದಿನ ಮತ್ತೆ ನೋವು, ಶಿನ್ ಸ್ಪ್ಲಿಂಟ್ಸ್‌ನ ಮೊದಲ ಹಂತಕ್ಕೆ ಹೊಂದುತ್ತದೆ. ಬಿರುಕಿನ ನೋವಿನ ಸ್ವಭಾವ ಬೇರೆ. ಓಡಿದಷ್ಟೂ ಅದು ಹೆಚ್ಚುತ್ತದೆ, ಆ ಕಾಲಿನ ಮೇಲೆ ಕುಪ್ಪಳಿಸಿದರೆ ಸುಳ್ಳೆನಿಸದಷ್ಟು ಸ್ಪಷ್ಟವಾಗಿ ಚುಚ್ಚುತ್ತದೆ, ರಾತ್ರಿ ಮಲಗಿದಾಗಲೂ ಕಾಡಬಹುದು. ಇವುಗಳಲ್ಲಿ ಯಾವುದೊಂದು ಇದ್ದರೂ ಮುಂದೆ ನಾನು ಹೇಳುವ ಯೋಜನೆಯನ್ನು ಬದಿಗಿಡಿ. ಒಂದು ಮಾತು ನೆನಪಿರಲಿ: ಸ್ಟ್ರೆಸ್ ಫ್ರಾಕ್ಚರ್ ಮೊದಮೊದಲು ಎಕ್ಸ್‌-ರೇಯಲ್ಲಿ ಕಾಣದೇ ಹೋಗಬಹುದು. ಎಕ್ಸ್‌-ರೇ ಸರಿಯಿದೆ ಎಂದು ಮರುದಿನವೇ ಓಡಲು ಹೊರಡುವುದು ಅಪಾಯ. ಅನುಮಾನ ಉಳಿದರೆ ವೈದ್ಯರು ಎಂ.ಆರ್.ಐ. ಮಾಡಿಸಲು ಹೇಳುತ್ತಾರೆ. ನಿಮ್ಮ ಮುಟ್ಟು ಇತ್ತೀಚೆಗೆ ಏರುಪೇರಾಗಿದ್ದರೆ, ವಿಟಮಿನ್ ಡಿ ಕೊರತೆಯಿದೆ ಎಂದು ಹಿಂದೆ ಯಾರಾದರೂ ಹೇಳಿದ್ದರೆ ಅದನ್ನೂ ಅವರಿಗೆ ತಿಳಿಸಿ. ಎರಡೂ ಮೂಳೆಯ ಬಲಕ್ಕೆ ಸಂಬಂಧಿಸಿದವು.

ಈಗ ಇದು ಏಳನೆಯ ವಾರದಲ್ಲೇ ಏಕೆ ಬಂತು ಎಂಬ ಪ್ರಶ್ನೆ. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಓಟಕ್ಕೆ ಒಗ್ಗಿಕೊಳ್ಳುವುದಿಲ್ಲ. ಓಡಲು ಶುರುಮಾಡಿದ ಮೊದಲ ಒಂದೆರಡು ವಾರಗಳಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳು, ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳು ಬೆಳೆಯುತ್ತವೆ. ಮೊದಲ ವಾರ 60 ಸೆಕೆಂಡ್ ಓಡಿ ಏದುಸಿರು ಬಿಡುತ್ತಿದ್ದ ನೀವು ಈಗ 25 ನಿಮಿಷ ಓಡುತ್ತಿರುವುದು ಇದರಿಂದ. ಸ್ನಾಯುರಜ್ಜುಗಳು ಇದಕ್ಕಿಂತ ನಿಧಾನ, ಮೂಳೆ ಇನ್ನೂ ನಿಧಾನ.

ಮೂಳೆ ಬಲಗೊಳ್ಳುವ ರೀತಿಯೇ ವಿಚಿತ್ರ. ಹೊಸ ಭಾರ ಬಿದ್ದಾಗ ಅದು ನೇರವಾಗಿ ದಪ್ಪವಾಗಿಬಿಡುವುದಿಲ್ಲ. ಮೊದಲು ಒಂದು ಬಗೆಯ ಜೀವಕೋಶಗಳು ಹಳೆಯ, ದಣಿದ ಮೂಳೆಯನ್ನು ಕರಗಿಸಿ ತೆಗೆಯುತ್ತವೆ. ಅದಕ್ಕೆ ಕೆಲವು ವಾರಗಳು ಸಾಕು. ಆಮೇಲೆ ಇನ್ನೊಂದು ಬಗೆಯ ಕೋಶಗಳು ಬಂದು ಆ ಜಾಗವನ್ನು ಹೊಸ ಮೂಳೆಯಿಂದ ತುಂಬುತ್ತವೆ. ಅದಕ್ಕೆ ತಿಂಗಳುಗಳೇ ಬೇಕು. ದುರಸ್ತಿಗೆಂದು ಅಗೆದ ರಸ್ತೆಯಂತೆ, ತುಂಬುವ ಕೆಲಸ ಮುಗಿಯುವ ತನಕ ಆ ಭಾಗ ಮೊದಲಿಗಿಂತಲೂ ದುರ್ಬಲ. ಆರು, ಏಳು, ಎಂಟನೆಯ ವಾರಗಳು ಈ ಅಗೆದ ಸ್ಥಿತಿಯಲ್ಲಿ ಬರುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಕಾರ್ಯಕ್ರಮವು ನಡುವಿನ ನಡಿಗೆಯನ್ನು ತೆಗೆದುಹಾಕಿ ನಿರಂತರ ಓಟವನ್ನು ಕೊಡುತ್ತದೆ, ಉಸಿರು ಹಗುರವಾಗಿ ನಿಮಗೂ ಉತ್ಸಾಹ ಬಂದಿರುತ್ತದೆ. ಎಷ್ಟು ಓಡಬೇಕು ಎಂಬುದನ್ನು ನಾವೆಲ್ಲ ಉಸಿರನ್ನು ಕೇಳಿ ತೀರ್ಮಾನಿಸುತ್ತೇವೆ. ಮೂಳೆಗೆ ಹೇಳಲು ಇರುವ ಭಾಷೆ ಮರುದಿನ ಬೆಳಗಿನ ನೋವೊಂದೇ. ನಿಮಗೆ ಅದು ಹತ್ತು ದಿನಗಳಿಂದ ಹೇಳುತ್ತಿದೆ. ಈ ಹಂತದಲ್ಲಿ ಕೇಳಿಸಿಕೊಂಡರೆ ಕೆಲವು ವಾರಗಳಲ್ಲಿ ಮುಗಿಯುವ ವಿಷಯ ಇದು.

ಐದು ಕಿಲೋಮೀಟರಿನ ವಿಚಾರದಲ್ಲಿ ನಿಮ್ಮ ಮನಸ್ಸಿನ ಭಾರ ಇಳಿಸಬೇಕು. ಈ ಕಾರ್ಯಕ್ರಮವನ್ನು 1996ರಲ್ಲಿ ರೂಪಿಸಿದವರು ಜಾಶ್ ಕ್ಲಾರ್ಕ್, ಐವತ್ತು ದಾಟಿದ ತಮ್ಮ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಮೂಲ ಯೋಜನೆಯಲ್ಲೇ ಕೊನೆಯ ವಾರಕ್ಕೆ ಎರಡು ಆಯ್ಕೆಗಳಿದ್ದವು: ಮೂರು ಮೈಲಿ ಅಥವಾ 30 ನಿಮಿಷ. ಮೂವತ್ತು ನಿಮಿಷಗಳಲ್ಲಿ ಐದು ಕಿಲೋಮೀಟರ್ ಆಗಬೇಕಾದರೆ ಪ್ರತಿ ಕಿಲೋಮೀಟರನ್ನು ಆರು ನಿಮಿಷಗಳಲ್ಲಿ, ಅಂದರೆ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಓಡಬೇಕು. ಹೊಸಬರಲ್ಲಿ ಬಹಳ ಮಂದಿಗೆ ಅದು ಆಗುವ ಮಾತಲ್ಲ, ಆಗಬೇಕಾಗಿಯೂ ಇಲ್ಲ. ನೀವು ಕಿಲೋಮೀಟರಿಗೆ ಸುಮಾರು ಎಂಟು ನಿಮಿಷಗಳಂತೆ ಓಡುತ್ತಿದ್ದೀರಿ. ಆ ಲೆಕ್ಕದಲ್ಲಿ 30 ನಿಮಿಷಕ್ಕೆ 3.8 ಕಿಲೋಮೀಟರ್ ಆಗುತ್ತದೆ, ಐದು ಕಿಲೋಮೀಟರಿಗೆ 39 ನಿಮಿಷ ಬೇಕು. ಇನ್ನೆರಡು ವಾರಗಳಲ್ಲಿ ಐದು ಮುಟ್ಟಲೇಬೇಕು ಎಂದು ಹೊರಟರೆ 25 ನಿಮಿಷದ ಓಟ ಒಮ್ಮೆಲೇ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ನೋಯುತ್ತಿರುವ ಕಾಲಿಗೆ ಇದಕ್ಕಿಂತ ದೊಡ್ಡ ಅಪಾಯವನ್ನು ನಾನು ಊಹಿಸಲಾರೆ.

ವಾರಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚಿಸಬಾರದು ಎಂಬ ನಿಯಮವನ್ನು ನೀವೂ ಕೇಳಿರಬಹುದು. ಎಚ್ಚರಿಕೆಯ ಮಾತಾಗಿ ಅದು ಒಳ್ಳೆಯದು, ಆದರೆ ರಕ್ಷಾಕವಚವಲ್ಲ. ನೆದರ್‌ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪು ಈ ನಿಯಮದಂತೆ 13 ವಾರ ನಿಧಾನವಾಗಿ ಹೆಚ್ಚಿಸಿತು, ಇನ್ನೊಂದು 8 ವಾರಗಳ ಸಾಮಾನ್ಯ ಕಾರ್ಯಕ್ರಮವನ್ನು ಅನುಸರಿಸಿತು. ಎರಡೂ ಗುಂಪುಗಳಲ್ಲಿ ಗಾಯಗೊಂಡವರು ಸರಿಸುಮಾರು ಐದರಲ್ಲಿ ಒಬ್ಬರು. ಅಂಕಿಗೆ ಜೋತುಬೀಳುವುದಕ್ಕಿಂತ ಎರಡು ವಿಷಯ ನೋಡಿಕೊಳ್ಳುವುದು ಮೇಲು ಎಂಬುದು ನನ್ನ ಅನುಭವ: ಹಿಂದಿನ ಒಂದು ತಿಂಗಳಲ್ಲಿ ಓಡಿದ ಅತ್ಯಂತ ದೀರ್ಘ ಓಟಕ್ಕಿಂತ ಯಾವುದೇ ಒಂದು ದಿನದ ಓಟ ತೀರಾ ಹೆಚ್ಚಾಗದಿರಲಿ, ಮತ್ತು ಮರುದಿನ ಬೆಳಿಗ್ಗೆ ಕಾಲು ಏನು ಹೇಳುತ್ತದೆ ಎಂದು ಗಮನಿಸಿ.

ನಿಧಾನವಾಗಿ ಓಡುವುದು ಓಟವೇ ಅಲ್ಲವೇನೋ ಎಂಬ ಸಂಕೋಚ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಎರಡೂ ಪಾದಗಳು ಕ್ಷಣಮಾತ್ರವಾದರೂ ನೆಲ ಬಿಟ್ಟರೆ ಅದು ಓಟ. ಪಕ್ಕದಲ್ಲಿ ಒಬ್ಬರಿದ್ದರೆ ಅವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗುವಂತಿರಬೇಕು, ಅದೇ ಸರಿಯಾದ ವೇಗ. ಹೊಸಬರಲ್ಲಿ ನಾನು ತಿದ್ದಬೇಕಾಗಿ ಬರುವುದು ಅತಿವೇಗವನ್ನೇ ಹೊರತು ನಿಧಾನವನ್ನಲ್ಲ. ವಿಶೇಷವಾಗಿ, ಕೊನೆಯ ಒಂದು ನಿಮಿಷ ಉಳಿದಿದೆ ಎಂದು ಆ್ಯಪ್ ಹೇಳಿದೊಡನೆ ಹೆಜ್ಜೆ ಚಾಚಿ ಧಾವಿಸುವ ಅಭ್ಯಾಸ ಬಹಳ ಮಂದಿಗಿದೆ. ದಣಿದ ಮೀನಖಂಡ ಆಘಾತವನ್ನು ಹೀರಲಾರದ ಹೊತ್ತಿನಲ್ಲಿ ಆ ಉದ್ದನೆಯ ಹೆಜ್ಜೆಗಳ ಪೆಟ್ಟು ಮೂಳೆಗೇ ಬೀಳುತ್ತದೆ. ದಯವಿಟ್ಟು ಅದನ್ನು ಬಿಡಿ.

ಅಕ್ಕನ ಮಾತಿನಲ್ಲಿ ಕಾಳಜಿಯಿದೆ, ಮಾಹಿತಿ ಮಾತ್ರ ಹಳೆಯದು. ಮಂಡಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಭಾರ ಬಿದ್ದು, ಭಾರ ತೆಗೆದಾಗ ಕೀಲಿನ ದ್ರವ ಒಳಹೊರಗೆ ಹರಿದು ಅದಕ್ಕೆ ಪೋಷಣೆ ಸಿಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಮಂಡಿ ಅಥವಾ ಸೊಂಟದ ಕೀಲಿನ ಸವೆತ ಹವ್ಯಾಸಿ ಓಟಗಾರರಲ್ಲಿ ಶೇಕಡಾ 3.5, ಓಡದೆ ಕುಳಿತಿರುವವರಲ್ಲಿ ಶೇಕಡಾ 10.2, ಸ್ಪರ್ಧಾತ್ಮಕವಾಗಿ ಓಡುವವರಲ್ಲಿ ಶೇಕಡಾ 13.3 ಇತ್ತು. ಓಟವೇ ಮಂಡಿಯನ್ನು ಕಾಪಾಡಿತು ಎಂದು ಇದರಿಂದ ಸಾಧಿಸಲಾಗದು, ಮಂಡಿ ಚೆನ್ನಾಗಿರುವವರೇ ಓಟದಲ್ಲಿ ಉಳಿದಿರಲೂಬಹುದು. ಆದರೆ ವಾರಕ್ಕೆ ಮೂರು ದಿನ ಅರ್ಧ ಗಂಟೆ ಓಡುವವರ ಮಂಡಿ ಸವೆದುಹೋಗುತ್ತದೆ ಎಂಬುದಕ್ಕಂತೂ ಆಧಾರವಿಲ್ಲ. ಹಿಂದೆ ಮಂಡಿಗೆ ಪೆಟ್ಟಾಗಿದ್ದರೆ, ಶಸ್ತ್ರಚಿಕಿತ್ಸೆಯಾಗಿದ್ದರೆ ಅಥವಾ ಈಗಾಗಲೇ ಸವೆತ ಪತ್ತೆಯಾಗಿದ್ದರೆ ಲೆಕ್ಕ ಬೇರೆ. ಅಂಥವರು ತಪಾಸಣೆ ಮಾಡಿಸಿಕೊಂಡೇ ಮುಂದುವರಿಯಬೇಕು.

ತೂಕದ ಬಗ್ಗೆ ಚುಟುಕಾಗಿ. ಓಟದಲ್ಲಿ ಒಂದು ಕಿಲೋಮೀಟರಿಗೆ, ದೇಹದ ತೂಕದ ಪ್ರತಿ ಕಿಲೋಗೆ, ಸರಿಸುಮಾರು ಒಂದು ಕ್ಯಾಲರಿ ಖರ್ಚಾಗುತ್ತದೆ. ನಿಮ್ಮ ತೂಕ 65 ಕಿಲೋ ಎಂದುಕೊಂಡರೆ ಒಂದು ಓಟಕ್ಕೆ 210, ವಾರಕ್ಕೆ 630 ಕ್ಯಾಲರಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ಊಟ ಒಂದಿಷ್ಟೂ ಹೆಚ್ಚಾಗದಿದ್ದರೂ ಹನ್ನೆರಡು ವಾರಕ್ಕೆ ಒಂದು ಕಿಲೋ. ಹಾಗಾಗಿ ತಕ್ಕಡಿ ನೋಡಿ ಬೇಸರಿಸಬೇಡಿ. ಅದಕ್ಕಿಂತ ಮುಖ್ಯವಾಗಿ, ತೂಕ ಇಳಿಯಲಿಲ್ಲವೆಂದು ಈಗ ಊಟ ಕಡಿಮೆ ಮಾಡಬೇಡಿ. ಮೂಳೆ ತನ್ನನ್ನು ಕಟ್ಟಿಕೊಳ್ಳುತ್ತಿರುವ ಈ ದಿನಗಳಲ್ಲಿ ಅದಕ್ಕೆ ಪ್ರೋಟೀನ್, ಕ್ಯಾಲ್ಸಿಯಂ, ಹೊಟ್ಟೆ ತುಂಬ ಆಹಾರ ಮೂರೂ ಬೇಕು.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ನೋವನ್ನು ಸಹಿಸಿಕೊಂಡು ಎಂಟು ಮತ್ತು ಒಂಬತ್ತನೆಯ ವಾರಗಳನ್ನು ಮುಗಿಸಿಬಿಡುವುದು ಒಂದು. ಕೆಲವರು ಹೀಗೆ ಮಾಡಿ ಪಾರಾಗುತ್ತಾರೆ, ಅವರ ಕಥೆಯೇ ಎಲ್ಲರಿಗೂ ಕೇಳಿಸುತ್ತದೆ. ಪಾರಾಗದವರಿಗೆ ನೋವು ಬಿರುಕಾಗಿ ಬೆಳೆದು ಆರೆಂಟು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಓಟವೇ ಇಲ್ಲದಂತಾಗುತ್ತದೆ. ಓಡುವ ಮುನ್ನ ನೋವಿನ ಮಾತ್ರೆ ನುಂಗಿ ಹೊರಡುವುದು ಇದಕ್ಕಿಂತಲೂ ಕೆಟ್ಟದ್ದು, ಎಚ್ಚರಿಸುವ ದನಿಯನ್ನೇ ಅದು ಅಡಗಿಸುತ್ತದೆ. ಐಸ್ ಹಚ್ಚಿದರೆ ಹಾಯೆನಿಸುತ್ತದೆ, ಅಷ್ಟರಿಂದ ಕಾಲು ವಾಸಿಯಾಯಿತು ಎಂದು ತಿಳಿಯಬೇಡಿ. ಪೂರ್ತಿ ಬಿಟ್ಟು ತಿಂಗಳುಗಟ್ಟಲೆ ಸುಮ್ಮನಿದ್ದರೆ ನೋವು ಹೋಗುತ್ತದೆ, ನಿಜ. ಮತ್ತೆ ಶುರುಮಾಡಿದಾಗ ಮೂಳೆ ಅಷ್ಟೇ ಮೆತ್ತಗಿದ್ದು ಅದೇ ಕಥೆ ಮರುಕಳಿಸುತ್ತದೆ.

ಹೆಬ್ಬೆರಳಿನ ಪರೀಕ್ಷೆಯಲ್ಲಿ ನೋವು ಹರಡಿಕೊಂಡಿದ್ದರೆ, ಕುಪ್ಪಳಿಸಿದಾಗ ಚುಚ್ಚದಿದ್ದರೆ, ನಾನು ಸೂಚಿಸುವುದು ಇದು. ಒಂದು ವಾರ ಓಟ ಬೇಡ. ನೋವಿಲ್ಲದೆ ಆಗುವಷ್ಟು ನಡೆಯಿರಿ, ಸೈಕಲ್ ತುಳಿಯಿರಿ ಅಥವಾ ಈಜಿ, ಉಸಿರಿಗೆ ಕೆಲಸ ಸಿಗುತ್ತಿರಲಿ. ವಾರ ಕಳೆದ ಮೇಲೆ, ನಡೆಯುವಾಗ ಸ್ವಲ್ಪವೂ ನೋವಿಲ್ಲದಿದ್ದರೆ, ನಿಮ್ಮದೇ ಕಾರ್ಯಕ್ರಮದ ಐದನೆಯ ವಾರದ ಮೊದಲ ದಿನಕ್ಕೆ ಹೋಗಿ: ಐದು ನಿಮಿಷ ಓಟ, ಮೂರು ನಿಮಿಷ ನಡಿಗೆ, ಹೀಗೆ ಮೂರು ಬಾರಿ ಓಟ. ಅದನ್ನು ಒಂದು ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಆಮೇಲೆ ಎಂಟು ನಿಮಿಷದ ಎರಡು ಓಟಗಳ ದಿನ, ನಡುವೆ ಐದು ನಿಮಿಷ ನಡಿಗೆ. ಮುಂದಿನ ವಾರ ಆರನೆಯ ವಾರದ ಮೊದಲೆರಡು ದಿನಗಳು, ಬಳಿಕ 20 ನಿಮಿಷದ ನಿರಂತರ ಓಟ. ಅಲ್ಲಿಂದ ಮತ್ತೆರಡು ವಾರಗಳಲ್ಲಿ 25, 28, 30 ಎಂದು ಏರುತ್ತೀರಿ. ಒಂದು ಓಟದಿಂದ ಇನ್ನೊಂದಕ್ಕೆ ಹೋಗಲು ಷರತ್ತು ಒಂದೇ: ಓಡುವಾಗಲೂ ನೋವಿರಬಾರದು, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗಳಲ್ಲೂ ಇರಬಾರದು. ನೋವು ಬಂದರೆ ಅದೇ ದಿನವನ್ನು ಪುನರಾವರ್ತಿಸಿ. ಎರಡು ಬಾರಿ ಹೀಗಾದರೆ ಪರೀಕ್ಷೆಗೆ ಬನ್ನಿ.

ಇದರಿಂದ ಕಟ್ಟಿಕೊಂಡ ಶಕ್ತಿಯೆಲ್ಲ ಹೋಗುತ್ತದೆಯೇ? ಒಂದು ವಾರ ಓಡದಿದ್ದರೆ ಗಮನಕ್ಕೆ ಬರುವಷ್ಟು ಏನೂ ಹೋಗುವುದಿಲ್ಲ. ಎರಡು ವಾರ ಪೂರ್ತಿ ಸುಮ್ಮನೆ ಕುಳಿತರೆ ಇಳಿಕೆ ಶುರುವಾಗುತ್ತದೆ. ಅಮೆರಿಕದಲ್ಲಿ 1981ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಾರಕ್ಕೆ ಆರು ದಿನ ಕಠಿಣ ತರಬೇತಿ ಪಡೆದವರು ತೀವ್ರತೆಯನ್ನು ಹಾಗೆಯೇ ಉಳಿಸಿಕೊಂಡು ದಿನಗಳನ್ನು ಎರಡಕ್ಕೆ ಇಳಿಸಿದಾಗಲೂ, 15 ವಾರಗಳ ಕಾಲ ಅವರ ಆಮ್ಲಜನಕ ಬಳಕೆಯ ಸಾಮರ್ಥ್ಯ ಕುಂದಲಿಲ್ಲ. ಗಳಿಸುವುದಕ್ಕೆ ಬೇಕಾದಷ್ಟು ಶ್ರಮ ಉಳಿಸಿಕೊಳ್ಳುವುದಕ್ಕೆ ಬೇಡ.

ಈ ನಡುವೆ ಮೀನಖಂಡವನ್ನು ಬಲಪಡಿಸಿ. ಗೋಡೆ ಹಿಡಿದು ನಿಂತು ಹಿಮ್ಮಡಿಗಳನ್ನು ನಿಧಾನವಾಗಿ ಎತ್ತಿ, ಇನ್ನೂ ನಿಧಾನವಾಗಿ ಇಳಿಸಿ. ಹನ್ನೆರಡರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಒಂದು ಸುತ್ತು ಮಂಡಿ ನೆಟ್ಟಗಿಟ್ಟು, ಇನ್ನೊಂದು ಸ್ವಲ್ಪ ಬಗ್ಗಿಸಿ ಮಾಡಿ. ಬಗ್ಗಿಸಿದಾಗ ಒಳಪದರದ ಸೋಲಿಯಸ್ ಸ್ನಾಯುವಿಗೆ ಹೆಚ್ಚು ಕೆಲಸ ಬೀಳುತ್ತದೆ, ಓಟದಲ್ಲಿ ಹೆಚ್ಚು ಭಾರ ಹೊರುವುದು ಅದೇ. ಓಡುವಾಗ ಹೆಜ್ಜೆಗಳನ್ನು ತುಸು ಚಿಕ್ಕದಾಗಿಸಿ. ಅರ್ಧ ನಿಮಿಷದಲ್ಲಿ ಬಲಪಾದ ಎಷ್ಟು ಸಲ ನೆಲ ಮುಟ್ಟುತ್ತದೆ ಎಂದು ಎಣಿಸಿ, ಅದೇ ವೇಗದಲ್ಲಿ ಎರಡು ಸಲ ಹೆಚ್ಚಿಸಲು ನೋಡಿ. ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ, ಏಳು ವಾರಗಳಲ್ಲಿ ನೀವು ನೂರನ್ನೂ ದಾಟಿರಲಾರಿರಿ. ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಜೋಡಿಯಲ್ಲದಿದ್ದರೆ ದೋಷ ಶೂನಲ್ಲಿ ಹುಡುಕಬೇಡಿ.

ಕಾಲಿಗೆ ಸಂಬಂಧಿಸದ, ಆದರೆ ಹೇಳಲೇಬೇಕಾದ ಮಾತು: ಓಡುವಾಗ ಎದೆ ಬಿಗಿದಂತಾದರೆ, ನೋವು ದವಡೆಗೋ ತೋಳಿಗೋ ಹರಡಿದರೆ, ತಲೆಸುತ್ತಿ ಬೀಳುವಂತಾದರೆ, ಎದೆಬಡಿತ ತಾಳತಪ್ಪಿದರೆ ಅಲ್ಲಿಯೇ ನಿಲ್ಲಿಸಿ, ತಡಮಾಡದೆ ವೈದ್ಯಕೀಯ ನೆರವು ಪಡೆಯಿರಿ. ವಾರದಿಂದ ವಾರಕ್ಕೆ ಓಟ ಸುಲಭವಾಗುವ ಬದಲು ಕಷ್ಟವಾಗುತ್ತಿದ್ದು, ಮುಟ್ಟಿನ ರಕ್ತಸ್ರಾವವೂ ಹೆಚ್ಚಿದ್ದರೆ ಹಿಮೋಗ್ಲೋಬಿನ್ ಮತ್ತು ದೇಹದಲ್ಲಿನ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ಮುಗಿದ ಮೇಲೆ ಏನು ಎಂಬುದು. ಇದನ್ನು ನೀವು ಈಗಲೇ ಕೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಕೊನೆಯ ಓಟ ಮುಗಿದ ವಾರವೇ ಆ್ಯಪ್ ಮೌನವಾಗುತ್ತದೆ, ಹೇಳುವವರಿಲ್ಲದೆ ಓಟ ತಪ್ಪುತ್ತದೆ, ಮೂರು ವಾರಗಳಲ್ಲಿ ಅಭ್ಯಾಸವೇ ತಪ್ಪಿಹೋಗುತ್ತದೆ. ಇಲ್ಲವೇ ಗೆದ್ದ ಹುಮ್ಮಸ್ಸಿನಲ್ಲಿ ಮರುದಿನವೇ ಹತ್ತು ಕಿಲೋಮೀಟರಿನ ಕಾರ್ಯಕ್ರಮ ಶುರುವಾಗುತ್ತದೆ. ನಿಮಗೆ ಎರಡೂ ಬೇಡ. 30 ನಿಮಿಷ ಮುಟ್ಟಿದ ಮೇಲೆ ಆರು ವಾರ ಅಲ್ಲೇ ಉಳಿಯಿರಿ, ವಾರಕ್ಕೆ ಅವೇ ಮೂರು ದಿನ, ಅವೇ 30 ನಿಮಿಷ. ವಯಸ್ಕರಿಗೆ ವಾರಕ್ಕೆ 75ರಿಂದ 150 ನಿಮಿಷಗಳ ತೀವ್ರ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನಿಮ್ಮ 90 ನಿಮಿಷಗಳು ಅದರೊಳಗೇ ಬರುತ್ತವೆ. ಜೀವನವಿಡೀ ಅಷ್ಟೇ ಓಡಿದರೂ ಕೊರತೆಯೇನಿಲ್ಲ. ಐದು ಕಿಲೋಮೀಟರ್ ನೋಡಲೇಬೇಕು ಎಂಬ ಆಸೆಯಿದ್ದರೆ, ಆ ಆರು ವಾರ ನೋವಿಲ್ಲದೆ ಕಳೆದ ಮೇಲೆ ಮೂರರಲ್ಲಿ ಒಂದು ಓಟಕ್ಕೆ ಮಾತ್ರ ವಾರಕ್ಕೆ ಎರಡು ನಿಮಿಷ ಸೇರಿಸುತ್ತಾ ಹೋಗಿ, ಉಳಿದೆರಡನ್ನು ಮುಟ್ಟಬೇಡಿ. ಐದನೆಯ ವಾರದಲ್ಲಿ 40 ನಿಮಿಷವಾಗುತ್ತದೆ. ಈಗಿನ ನಿಮ್ಮ ವೇಗದಲ್ಲೇ, ಒಂದು ಹೆಜ್ಜೆಯನ್ನೂ ಜೋರು ಮಾಡದೆ, ಐದು ಕಿಲೋಮೀಟರ್ ಆಗಿರುತ್ತದೆ.